ಕಿಟಕಿಯಾಚೆಯ ತಾಮ್ರ

ಗುಳ್, ಗುಳ್, ಗುಳ್ — ಒಂದು ಗುಳ್ಳೆ ದೊಡ್ಡದು, ಅದರ ಹಿಂದೆ ಎರಡು ಸಣ್ಣವು, ಮತ್ತೆ ದೊಡ್ಡದು, ನಳಿಕೆಯ ತುದಿ ಎಲ್ಲೋ ಸೀಳಿರಬೇಕು, ಇರಲಿ, ಸೀಳಿದ ನಳಿಕೆಯಿಂದ ಬಂದರೂ ನೈಟ್ರೋಜನ್ ನೈಟ್ರೋಜನ್ನೇ, ದ್ರಾವಣದಲ್ಲಿ ಕರಗಿ ಕೂತ ಆಮ್ಲಜನಕವನ್ನು ಕುತ್ತಿಗೆ ಹಿಡಿದು ಆಚೆ ನೂಕುವುದಷ್ಟೇ ಅದರ ಕೆಲಸ, ಹತ್ತು ನಿಮಿಷ ಬೇಕು, ಅಷ್ಟರೊಳಗೆ ಯಂತ್ರದ ಗುಂಡಿ ಒತ್ತಿದರೆ ಪರದೆಯ ಮೇಲಿನ ಗೆರೆ ಕೆಡುತ್ತದೆ, ಹತ್ತು ನಿಮಿಷವೆಂದರೆ ಅಲ್ಲಿ ಕೂತವರಿಗೆ ಒಂದು ಕಪ್ ಚಹಾ, ನನಗೆ ಆರು ವರ್ಷ. ಕುಡಿಯಲಿ. ಮೊದಲ ಸಾಲಿನಲ್ಲಿ ಐದು ಕುರ್ಚಿ, ನಾಲ್ಕರಲ್ಲಿ ನಮ್ಮ ವಿಭಾಗದವರೇ, ಐದನೆಯದರಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ, ನರೆಗೂದಲು, ದಪ್ಪ ಕನ್ನಡಕ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಇನ್ನೇನು ಮುರಿದು ಬೀಳಬೇಕು ಅನ್ನುವಾಗ ಬಾಯಿಗೆ ಹಾಕಿಕೊಳ್ಳುತ್ತಾರೆ, ಒಂದೂ ಬೀಳಲಿಲ್ಲ, ಆ ಕೈಯನ್ನು ನೋಡುತ್ತ ಕೂತರೆ ಸ್ವಲ್ಪ ಧೈರ್ಯ ಬರುತ್ತದೆ. ಅವರ ಪಕ್ಕದಲ್ಲಿ ನನ್ನ ಗೈಡು, ಸರ್, ಬಾಗಿ ನಿಂತು ನಗುತ್ತಿದ್ದಾರೆ, ಸರ್ ಹಾಗೆ ಬಾಗಿದ್ದನ್ನು ಆರು ವರ್ಷದಲ್ಲಿ ಮೂರು ಸಲ ನೋಡಿರಬಹುದು, ಮೂರು ಸಲವೂ ಅವರಿಗೆ ಏನೋ ಬೇಕಿತ್ತು. ಇವತ್ತು ಬೇಕಾಗಿರುವುದು ಈ ಐದು ತಲೆಗಳು ಆಡುವುದು, ತಲೆಯಾಡಿದರೆ ನನ್ನ ಪ್ರಬಂಧ ಒಳಗೆ ಹೋಗುತ್ತದೆ, ನಾನು ಡಾಕ್ಟರಾಗುತ್ತೇನೆ, ಸೂಜಿ ಚುಚ್ಚದ ಡಾಕ್ಟರು ಅನ್ನುತ್ತಾರೆ ನನ್ನ ಅತ್ತೆ. ಬೀಕರಿನಲ್ಲಿ ಗಿಳಿಹಸಿರು ದ್ರಾವಣ, ನಾನೇ ಕುದಿಸಿ ಸೋಸಿ ಒಣಗಿಸಿ ಮಾಡಿದ ಪುಡಿ ಅದರಲ್ಲಿದೆ, ನಡುವೆ ಒಂದು ತಾಮ್ರದ ಅಯಾನು, ಅದನ್ನು ನಾಲ್ಕೂ ಕಡೆಯಿಂದ ಅಪ್ಪಿ ಹಿಡಿದ ಒಂದು ಸಾವಯವ ಅಣು, ಅದರ ಹೆಸರು ಲಿಗಂಡ್, ಹಿಡಿಯುವುದೇ ಅದರ ಉದ್ಯೋಗ, ಎರಡೂ ಸೇರಿದರೆ ಸಂಕೀರ್ಣ, ಇದನ್ನೆಲ್ಲ ಭಾಷಣಕ್ಕೆಂದು ಬಾಯಿಪಾಠ ಮಾಡಿದ್ದೇನೆ, ಕನಸಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ — ಈ ಹಿಡಿತ ಸಡಿಲವಾಗುವುದಿಲ್ಲ, ತಾಮ್ರ ಈ ಅಂಗಿ ತೊಟ್ಟುಕೊಂಡೇ ಕ್ರಿಮಿಯೊಳಗೆ ಹೋಗುತ್ತದೆ, ಕ್ರಿಮಿಯನ್ನಷ್ಟೇ ಕೊಲ್ಲುತ್ತದೆ, ನಮ್ಮ ಮೈಗೆ ಏನೂ ಮಾಡುವುದಿಲ್ಲ. ಬಿಡದ ಹಿಡಿತ, ಇದು ಸರ್ ಅವರ ಮಾತು, ಎಲ್ಲ ಸಭೆಯಲ್ಲೂ ಮುಷ್ಟಿ ಬಿಗಿದು ತೋರಿಸುತ್ತಾರೆ. ಸುಳ್ಳು. ನನ್ನ ಎದುರಿನ ಪರದೆಯಲ್ಲಿ ಒಂದು ಚೌಕ, ಚೌಕದಲ್ಲಿ ಒಂದು ಅಂಕಿ, ಮೈನಸ್ ಸೊನ್ನೆ ಪಾಯಿಂಟ್ ಮೂರು, ದ್ರಾವಣದಲ್ಲಿ ಹರಿಯುವ ವಿದ್ಯುತ್ತನ್ನು ಗೆರೆಯಾಗಿ ಬರೆಯುತ್ತ ಅಷ್ಟು ವೋಲ್ಟಿನವರೆಗೆ ಹೋಗಿ ಯಂತ್ರ ಹಿಂದಕ್ಕೆ ತಿರುಗಬೇಕು, ಎಲ್ಲಿಂದ ಎಲ್ಲಿಯವರೆಗೆ ನೋಡುತ್ತೇವೋ ಅದಕ್ಕೆ ನಮ್ಮ ಲ್ಯಾಬಿನಲ್ಲಿ ಕಿಟಕಿ ಅನ್ನುತ್ತೇವೆ, ಈ ಅಂಕಿಯನ್ನು ಬೆಳಿಗ್ಗೆ ಸರ್ ಅವರೇ ಬಂದು ಒತ್ತಿ ಹೋದರು. ಕಿಟಕಿ ಇಷ್ಟೇ ಇರಲಮ್ಮ, ಗಾಳಿ ಜಾಸ್ತಿ ಬಂದ್ರೆ ದೀಪ ಆರತ್ತೆ. ಯಾರ ದೀಪ ಸರ್ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಗುಳ್, ಗುಳ್, ಎಂಟೂವರೆ ನಿಮಿಷ ಇದೆ, ಎಂಟು — ಈ ಎಂಟು ನನ್ನನ್ನು ಬಿಡುವುದಿಲ್ಲ. ಲ್ಯಾಬಿಗೆ ಬಂದ ಮೊದಲ ವಾರ, ಸರ್ ನನ್ನ ಕೈಗೆ ಎಲೆಕ್ಟ್ರೋಡ್ ಕೊಟ್ಟರು, ಬಿಳಿ ಕಡ್ಡಿ, ಅದರ ತುದಿಯಲ್ಲಿ ಕನ್ನಡಿಯಂಥ ಕಪ್ಪು ಇಂಗಾಲದ ಬಿಲ್ಲೆ, ಕಡಲೆಕಾಳಿಗಿಂತ ಚಿಕ್ಕದು, ಒದ್ದೆ ಬಟ್ಟೆಯ ಮೇಲೆ ಅಲ್ಯುಮಿನಾದ ಬಿಳಿ ಪುಡಿ ಹಾಕಿ ಅದರ ಮೇಲೆ ಈ ಮುಖವನ್ನು ಉಜ್ಜಬೇಕು, ಪ್ರತಿ ಪ್ರಯೋಗಕ್ಕೆ ಮೊದಲು ಉಜ್ಜಬೇಕು, ಹೇಗೆ ಸರ್? ಎಂಟು ಬರೆದ ಹಾಗೆ ಉಜ್ಜಮ್ಮ, ಅಷ್ಟು ಗೊತ್ತಾಗಲ್ವಾ? ಗೊತ್ತಾಯಿತು, ಉಜ್ಜಿದೆ, ಒಂದು ತಿಂಗಳು ಉಜ್ಜಿದೆ, ಒಂದು ದಿನ ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು, ತಿರುಗಿದರೆ ಲ್ಯಾಬಿಗೆ ಲ್ಯಾಬೇ ನಿಂತಿದೆ, ಇವಳು ಏನು ಬರೀತಾ ಇದಾಳೆ ನೋಡ್ರೋ, ನಾನು ಬರೆಯುತ್ತಿದ್ದದ್ದು ನಮ್ಮ ಎಂಟು, ೮, ಒಂದನೇ ಕ್ಲಾಸಿನಲ್ಲಿ ಟೀಚರು ನನ್ನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ಎಂಟು, ಎಲ್ಲೋ ಶುರುವಾಗಿ ಎಲ್ಲೋ ಬಾಲ ಬಿಟ್ಟು ನಿಲ್ಲುತ್ತದೆ, ತನ್ನನ್ನು ತಾನು ದಾಟುವುದಿಲ್ಲ. ಇವರಿಗೆ ಬೇಕಾಗಿದ್ದದ್ದು ಇಂಗ್ಲಿಷಿನ ಎಂಟು, ಎರಡು ಸೊನ್ನೆ ಒಂದರ ತಲೆ ಮೇಲೊಂದು, ಆಗ ಬಿಲ್ಲೆ ಎಲ್ಲ ಕಡೆಯಿಂದ ಸಮನಾಗಿ ಸವೆಯುತ್ತದೆ, ನಾನು ಎಂಟಲ್ಲದೆ ನಮ್ಮ ನಾಲ್ಕನ್ನೇ ಬರೆದಿದ್ದರೂ ಹೇಗೋ ಪಾಸಾಗುತ್ತಿದ್ದೆ, ಅದಕ್ಕೆ ಸುಮಾರಾಗಿ ಅದೇ ಮುಖ. ಸರ್ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು, ಒಂದು ಕಡೆಗೆ ಗೀರು, ಒಂದು ತಿಂಗಳ ಗೀರು, ನಗು ತಡೆಯಲಾಗದೆ ಕೆಮ್ಮಿದರು. ಅವತ್ತಿನಿಂದ ನಾನು ಎಂಟಮ್ಮ. ಎಂಟಮ್ಮ ಬಂದ್ಲು, ಎಂಟಮ್ಮನ ಬೀಕರ್ ಮುಟ್ಟಬೇಡಿ, ಎಂಟಮ್ಮಾ ಗಂಟೆ ಎಷ್ಟಾಯ್ತು ಎಂಟಾಯ್ತಾ. ನಾನೂ ನಕ್ಕೆ, ನಗದೆ ಏನು ಮಾಡಲಿ, ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ನಮ್ಮ ಎಂಟನ್ನೇ ಬರೆದೆ, ಹತ್ತು ಸಲ ಬರೆದೆ, ತಪ್ಪು ಎಂಟಲ್ಲ ಅದು. ಆಮೇಲೆ ಎರಡನೇ ವರ್ಷ ಆ ಮೊನೆ ಬಂತು. ಸಂಕೀರ್ಣದ ಗೆರೆ ಹೇಗಿರಬೇಕು ಅಂದರೆ ಹೋಗುವಾಗ ಒಂದು ದಿಬ್ಬ, ಬರುವಾಗ ಒಂದು ದಿಬ್ಬ, ಮೆತ್ತಗಿನ ಎರಡು ದಿಬ್ಬ, ಮಲಗಿದ ಮಗುವಿನ ಮೇಲಿನ ಹೊದಿಕೆಯ ಹಾಗೆ, ನನಗೆ ಅವತ್ತು ಕೈತಪ್ಪಿ ಕಿಟಕಿ ಜಾಸ್ತಿ ತೆರೆದುಕೊಂಡಿತ್ತು, ಗೆರೆ ಮೈನಸ್ ಪಾಯಿಂಟ್ ಮೂರನ್ನು ದಾಟಿ ಎಡಕ್ಕೆ ಹೋಗಿ ಪಾಯಿಂಟ್ ಒಂಬತ್ತರವರೆಗೆ ಇಳಿದು ತಿರುಗಿ ಬಂತು, ಬರುವ ದಾರಿಯಲ್ಲಿ, ಸೊನ್ನೆಯ ಹತ್ತಿರ, ನೆಟ್ಟಗೆ ಮೇಲಕ್ಕೆ ಎದ್ದು ಅಷ್ಟೇ ನೆಟ್ಟಗೆ ಬಿತ್ತು, ಸೂಜಿ, ದಬ್ಬಣ. ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ಆ ಮೊನೆ ಏನೆಂದು ಪುಸ್ತಕ ಓದಿದ ಯಾವ ಮೂಢನಿಗೂ ಗೊತ್ತು, ಬರಿಯ ತಾಮ್ರ ಬಿಲ್ಲೆಯ ಮೇಲೆ ಲೇಪವಾಗಿ ಕೂತಿರುತ್ತದೆ, ವೋಲ್ಟು ತಿರುಗಿ ಬಂದಾಗ ಆ ಲೇಪವೆಲ್ಲ ಒಮ್ಮೆಗೇ ಕಿತ್ತುಕೊಂಡು ಕರಗುತ್ತದೆ, ಆಗ ಏಳುವ ಮೊನೆ ಅದು. ಅಂದರೆ ತಾಮ್ರ ಅಂಗಿ ಬಿಚ್ಚಿ ಬಂದಿದೆ. ಒಂದೆರಡು ಎಲೆಕ್ಟ್ರಾನು ಕೈಗೆ ಬಿದ್ದ ತಕ್ಷಣ ಬಿಡದ ಹಿಡಿತ ಬಿಟ್ಟಿದೆ. ಓಡಿಕೊಂಡು ಹೋಗಿ ಸರ್‌ಗೆ ತೋರಿಸಿದೆ, ಓಡಿಕೊಂಡು, ಹುಡುಗಾಟದ ವಯಸ್ಸು ದಾಟಿದ್ದರೂ, ಸರ್ ಗ್ರಾಫ್ ನೋಡಿದರು, ನನ್ನನ್ನು ನೋಡಿದರು, ಉಜ್ಜಿದ್ದು ಯಾರು? ನಾನೇ ಸರ್. ಅದಕ್ಕೇ. ನಿನ್ನ ಗೀರಿನ ಸಂದಿಯಲ್ಲಿ ತಾಮ್ರ ಸಿಕ್ಕಿಹಾಕ್ಕೊಂಡಿದೆ ಅಷ್ಟೇ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಹರಿದು ಬುಟ್ಟಿಗೆ ಹಾಕಿದರು.

ಸರಿ, ಉಜ್ಜುವುದನ್ನೇ ಕಲಿತೆ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವವನು, ಮನೆಯಲ್ಲಿ ಬಾಯಿ ಬಿಡಿಸಬೇಕಾದರೆ ಇಕ್ಕಳ ಬೇಕು, ಆದರೆ ಗೀರಿನ ವಿಷಯ ಬಂದರೆ ಭಾಷಣ ಮಾಡುತ್ತಾನೆ, ಒತ್ತಬೇಡ, ಒತ್ತಿದ್ರೆ ಕೆಟ್ಟೆ, ಬಿಲ್ಲೆ ತೂಕ ಬಿಲ್ಲೇನೇ ನೋಡ್ಕೊಳ್ಳತ್ತೆ, ಕೈ ಬರೀ ದಾರಿ ತೋರಿಸ್ಬೇಕು. ಆರು ತಿಂಗಳು ಅವನೆದುರು ಕೂತು ಉಜ್ಜಿದೆ, ಭಾನುವಾರ ಉಜ್ಜಿದೆ, ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ತಲೆ ಅಲ್ಲಾಡಿಸುತ್ತಿದ್ದ, ಇದೆ, ಇದೆ, ಇನ್ನೂ ಇದೆ, ಒಂದು ಭಾನುವಾರ ಇಲ್ಲ ಅಂದ, ಒಂದೂ ಇಲ್ಲ, ಇದನ್ನ ನಮ್ಮ ಯಜಮಾನನಿಗೆ ತೋರಿಸಿದ್ರೆ ನಿಂಗೆ ಕೆಲಸ ಕೊಡ್ತಾನೆ. ಆ ಬಿಲ್ಲೆಯಲ್ಲೂ ಮೊನೆ ಬಂತು. ಇನ್ನೊಂದರಲ್ಲೂ ಬಂತು, ಸೀಲು ಒಡೆಯದ ಹೊಸದರಲ್ಲೂ ಬಂತು, ಕಡೆಗೆ ಹಠಕ್ಕೆ ಬಿದ್ದು ಬೇಕೆಂದೇ ನಮ್ಮ ಎಂಟು ಬರೆದು ಉಜ್ಜಿದೆ, ಅದರಲ್ಲೂ ಅದೇ ಮೊನೆ, ಕೂದಲೆಳೆಯಷ್ಟು ವ್ಯತ್ಯಾಸ. ಇವರೆಂಟೋ ನಮ್ಮೆಂಟೋ, ತಾಮ್ರಕ್ಕೆ ಲಿಪಿಯ ಹಂಗಿಲ್ಲ. ಹೇಳಿದೆ, ಒಂದಲ್ಲ ಹತ್ತು ಸಲ, ಹತ್ತು ಸಲವೂ ಒಂದೇ ಉತ್ತರ, ನಿನ್ನ ಕೈ ಇನ್ನೂ ಕೂತಿಲ್ಲಮ್ಮ, ಕಿಟಕಿ ಚಿಕ್ಕದು ಮಾಡ್ಕೋ. ಮಾಡಿಕೊಂಡೆ, ಅದನ್ನೂ ಒಪ್ಪಿಕೊಳ್ಳುತ್ತೇನೆ, ಎರಡು ಲೇಖನ ಆ ಚಿಕ್ಕ ಕಿಟಕಿಯಲ್ಲೇ ಬಂದಿವೆ, ಅದರ ಮೇಲೆ ನನ್ನ ಹೆಸರೂ ಇದೆ, ಸರ್ ಹೆಸರಿನ ಮುಂದೆಯೇ ಇದೆ, ಅವತ್ತು ನಾನೂ ಬಾಯಿಗೆ ಬೀಗ ಹಾಕಿಕೊಂಡವಳೇ, ನಾಚಿಕೆಯಾಗುತ್ತದೆ. ಗುಳ್ ಗುಳ್ — ಐದೂವರೆ. ಬಾಯಿ ಬಿಡಿಸಿದ್ದು ಒಬ್ಬಳು ನರ್ಸು. ಮೂರು ವರ್ಷದ ಹಿಂದೆ, ಆಸ್ಪತ್ರೆಯ ಮೇಜಿನ ಮೇಲೆ ಮಂಡಿ ಮಡಚಿ ಮಲಗಿ ಮೇಲಿನ ಫ್ಯಾನನ್ನು ನೋಡುತ್ತಿದ್ದೇನೆ, ಫ್ಯಾನಿನ ಒಂದು ರೆಕ್ಕೆಗೆ ಜೇಡರ ಬಲೆ, ಕಾಪರ್ ಟಿ ಹಾಕಿಸಿಕೊಳ್ಳಲು ಹೋಗಿದ್ದು, ಓದು ಮುಗಿಯುವವರೆಗೆ ಮಗು ಬೇಡ ಎಂದು ನಾನೂ ಅವನೂ ಅಡುಗೆಮನೆಯಲ್ಲಿ ಪಿಸುಗುಟ್ಟಿ ತೀರ್ಮಾನ ಮಾಡಿ, ನರ್ಸು ಸಲಕರಣೆ ಟಣಟಣ ಸದ್ದು ಮಾಡುತ್ತ, ಭಯ ಬೇಡಮ್ಮ, ಇದ್ರಲ್ಲಿ ಮಾತ್ರೆ ಗೀತ್ರೆ ಏನೂ ಇಲ್ಲ, ಬರೀ ತಾಮ್ರದ ತಂತಿ, ಒಳಗಡೆ ಚೂರು ಚೂರೇ ಕರಗತ್ತೆ, ಅಷ್ಟೇ ಇದರ ಕೆಲಸ, ಉಸಿರು ಬಿಡಿ — ಬರೀ ತಾಮ್ರ. ಬಿಟ್ಟ ಉಸಿರು ಅಲ್ಲೇ ನಿಂತಿತು. ಬರೀ ತಾಮ್ರವೇ ಕೆಲಸ ಮಾಡುತ್ತದೆ ಅಂದರೆ ನಮ್ಮ ಸಂಕೀರ್ಣದಲ್ಲಿ ಕೊಲ್ಲುತ್ತಿರುವುದು ಯಾರು, ಅಂಗಿಯೋ ಅಂಗಿಯೊಳಗಿನವನೋ, ಅದನ್ನು ಬಿಡಿಯಾಗಿ ಪರೀಕ್ಷೆ ಮಾಡಿದ್ದೇವಾ, ಇಲ್ಲ, ಲ್ಯಾಬಿನಿಂದ ಬಂದ ಆರು ಲೇಖನದಲ್ಲಿ ಒಂದರಲ್ಲೂ ಇಲ್ಲ. ನೋವು ಮರೆತೇ ಹೋಯಿತು, ಎದ್ದು ಕೂತವಳನ್ನು ಮಲಗಿ ಮಲಗಿ ಎಂದು ನರ್ಸು ಗದರಿದಳು. ಮಾರನೇ ದಿನವೇ ಜೀವಶಾಸ್ತ್ರದವರ ಕೋಣೆಗೆ ಹೋಗಿ ಗಾಜಿನ ತಟ್ಟೆ ಕೇಳಿ ತಂದೆ, ತಟ್ಟೆ ತುಂಬ ಕ್ರಿಮಿ ಬೆಳೆದು ಮಂಜಿನ ಹಾಗೆ ಹಾಸಿಕೊಳ್ಳುತ್ತದೆ, ಅದರ ಮೇಲೆ ಮದ್ದಿನಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಬಳೆಯಂಥ ಖಾಲಿ ಜಾಗ ಬೀಳುತ್ತದೆ, ನಾನು ಮೂರು ಬಿಲ್ಲೆ ಇಟ್ಟೆ, ಒಂದರಲ್ಲಿ ನಮ್ಮ ಸಂಕೀರ್ಣ, ಒಂದರಲ್ಲಿ ಬರೀ ಲಿಗಂಡ್, ಒಂದರಲ್ಲಿ ಅಷ್ಟೇ ತಾಮ್ರದ ಬರೀ ಉಪ್ಪು, ಬಾಟಲಿಯಿಂದ ಚಮಚದಲ್ಲಿ ತೆಗೆದ ಮೈಲುತುತ್ತು. ಸಂಕೀರ್ಣಕ್ಕೆ ಹದಿನಾಲ್ಕು ಮಿಲಿಮೀಟರ್. ಲಿಗಂಡ್‌ಗೆ ಏನೂ ಇಲ್ಲ. ಮೈಲುತುತ್ತಿಗೆ ಹದಿನಾಲ್ಕು. ಅಳತೆಪಟ್ಟಿ ತಿರುಗಿಸಿ ಮತ್ತೆ ಅಳೆದೆ, ಹದಿನಾಲ್ಕು. ಮೂರು ವಾರ ಬೆವರು ಸುರಿಸಿ ಹೊಲಿದ ಅಂಗಿ, ಅದರಿಂದ ಒಂದು ಮಿಲಿಮೀಟರ್ ಉಪಕಾರವಿಲ್ಲ.

ಅದನ್ನೂ ತೋರಿಸಿದೆ. ಇದನ್ನ ಮಾಡು ಅಂತ ಯಾರು ಹೇಳಿದ್ರು? ಯಾರೂ ಹೇಳಲಿಲ್ಲ ಸರ್, ನರ್ಸು ಅನ್ನಲಾಗುತ್ತದೆಯೇ, ನಾಲಿಗೆ ತುದಿಯವರೆಗೂ ಬಂದಿತ್ತು. ಯಾರೂ ಹೇಳದಿದ್ರೆ ಯಾಕೆ ಮಾಡ್ದೆ? ಈ ಪ್ರಶ್ನೆಯನ್ನು ನೆನೆಸಿಕೊಂಡರೆ ಈಗಲೂ ರಕ್ತ ಕುದಿಯುತ್ತದೆ, ಯಾರೂ ಹೇಳದ್ದನ್ನು ಮಾಡುವುದಕ್ಕೇ ಅಲ್ಲವೇ ನಾವು ಇಲ್ಲಿಗೆ ಬಂದದ್ದು. ಅದೂ ಹೋಗಲಿ, ಪಕ್ಕದ ಕಟ್ಟಡದಲ್ಲಿ ಆಗಲೇ ನಮ್ಮ ಪುಡಿಯನ್ನು ಮುಲಾಮಿಗೆ ಕಲಸುತ್ತಿದ್ದಾರೆ, ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು, ಮುಂದಿನ ವರ್ಷ ರೋಗಿಗಳ ಮೇಲೆ ಪರೀಕ್ಷೆಯಂತೆ, ಚರ್ಮಕ್ಕೆ ಮೃದು ಅಂತ ಬರೆದಿದ್ದಾರೆ, ಬರೆದದ್ದು ಚರ್ಮದ ಕೋಶಗಳನ್ನು ಪುಡಿಯ ಜೊತೆ ಒಂದೇ ದಿನ ಇಟ್ಟು ನೋಡಿ, ನಾನು ಅದೇ ಕೋಶಗಳನ್ನು ಅದೇ ಪುಡಿಯಲ್ಲಿ ಮೂರು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ, ಮುದುಡಿಕೊಂಡು ತೇಲುತ್ತಿದ್ದವು, ಒಣದ್ರಾಕ್ಷಿಯ ಹಾಗೆ. ಆ ಒಂದು ದಿನವೂ ಒಂದು ಕಿಟಕಿಯೇ. ನನ್ನ ಗರ್ಭಕ್ಕೆ ನಾನೇ ಕೇಳಿ ತಾಮ್ರ ಇಡಿಸಿಕೊಂಡೆ, ಏನಾಗುತ್ತದೆ ಎಂದು ನರ್ಸು ಹೇಳಿದಳು, ನಾನು ಹೂಂ ಅಂದೆ, ಆ ಸುಟ್ಟ ಗಾಯದವರಿಗೆ ಹೇಳುವವರು ಯಾರು, ಅವರ ಹೂಂ ಎಲ್ಲಿ. ಬೆಳಿಗ್ಗೆ ಅತ್ತೆಗೂ ಇದೇ ಸಿಟ್ಟಿನಲ್ಲಿ ಹೇಳಿಬಿಟ್ಟೆನೇನೋ, ಪಾಪ, ಅವರ ಪಾಲಿನದ್ದಲ್ಲದ ಸಿಟ್ಟು. ಅತ್ತೆ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು, ನಾನು ಕನ್ನಡಿಯ ಮುಂದೆ ಹೇರ್‌ಪಿನ್ ಬಾಯಲ್ಲಿ ಕಚ್ಚಿಕೊಂಡು, ಇವತ್ತಿಗೆ ಮುಗೀತಲ್ಲ ನಿನ್ನ ಓದು? ಮುಗಿಯತ್ತೆ ಅತ್ತೆ. ಇನ್ನಾದ್ರೂ ಆ ಔಷಧಿ ವಾಸನೆಯಿಂದ ಆಚೆ ಬಾ ಮಹರಾಯ್ತಿ, ಅದರಿಂದ್ಲೇ ನಿನ್ನ ಹೊಟ್ಟೇಲಿ ಒಂದು ನಿಲ್ತಿಲ್ಲ. ಮೂರು ವರ್ಷ ಕೇಳಿದ ಮಾತು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟದ್ದು, ಇವತ್ತು ಮಾತ್ರ ಪಿನ್ನು ಬಾಯಿಂದ ತೆಗೆದು, ನಿಲ್ತಿಲ್ಲ ಅಂತಲ್ಲ ಅತ್ತೆ, ನಿಲ್ಲೋದನ್ನ ನಾನೇ ನಿಲ್ಲಿಸಿದೀನಿ. ಅಂಗಿಯ ಒಂದು ತೋಳು ಅತ್ತೆಯ ಕೈಯಲ್ಲಿ ಹಾಗೇ ಉಳಿಯಿತು. ಯಾವುದ್ರಿಂದ? ತಾಮ್ರದಿಂದ, ಇಷ್ಟುದ್ದ ತಂತಿ, ಒಳಗಿದೆ. ಬೈಯುತ್ತಾರೆ, ಅಳುತ್ತಾರೆ, ತಂಗಿಗೆ ಫೋನ್ ಮಾಡುತ್ತಾರೆ ಎಂದು ನಾನು ಕಾದರೆ ಅವರು ಕೇಳಿದ್ದು, ನೋಯುತ್ತಾ? ಮೊದಲನೇ ತಿಂಗಳು ನೋಯ್ತು. ಅವನಿಗೆ ಗೊತ್ತಾ? ಗೊತ್ತು, ಇಬ್ರೂ ಸೇರಿ ಮಾಡಿದ್ದು. ಮತ್ತೆ ನಾನು ದಿನಾ ನಿನ್ನ ಲ್ಯಾಬಿಗೆ ಹಿಡಿಶಾಪ ಹಾಕ್ತಿದ್ರೂ ಬಾಯಿ ಬಿಡ್ಲಿಲ್ಲ ಅವನು? ಇಲ್ಲ. ಹೇಡಿ, ಅವರಪ್ಪನ ಥರಾನೇ. ತೋಳನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು, ಐದು ಹೆತ್ತೆ ನಾನು, ಒಂದೂ ನನ್ನ ಕೇಳ್ಕೊಂಡು ಬರ್ಲಿಲ್ಲ. ಆಮೇಲೆ, ಓದು ಮುಗಿದ್ಮೇಲೆ ತೆಗೆಸ್ತೀಯ ತಾನೇ? ಗೊತ್ತಿಲ್ಲ ಅತ್ತೆ. ಗೊತ್ತಿಲ್ಲ ಅಂದ್ರೆ ಏನೇ ಅರ್ಥ? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ. ಅಂಗಿಯನ್ನು ಮಂಚದ ಮೇಲೆ ಬಡಿದರು, ಎಂಟೆದೆ ಕಣೇ ನಿಂಗೆ, ನನಗೆ ಫಕ್ಕನೆ ನಗು ಬಂತು, ಲ್ಯಾಬಿನಲ್ಲಿ ನನಗೇನು ಹೆಸರಿಟ್ಟಿದ್ದಾರೆ ಎಂದು ಅತ್ತೆಗೆ ಯಾರು ಹೇಳಿದರು, ಯಾರೂ ಹೇಳಿಲ್ಲ, ನಗ್ತೀಯಾ, ನಗು ನಗು, ಎಂದು ಮುಖ ತಿರುಗಿಸಿಕೊಂಡರು, ನಾನು ಚಪ್ಪಲಿ ಮೆಟ್ಟಿ ಹೊರಟಾಗಲೂ ತಿರುಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಎದೆ ಹಗುರಾಗಿತ್ತು.

ಎರಡು ನಿಮಿಷ. ಗುಳ್ಳೆಗಳ ಲೆಕ್ಕ ತಪ್ಪಿತು. ಗೋಡೆಯ ಮೇಲೆ ನನ್ನ ಪರದೆಯ ದೊಡ್ಡ ನೆರಳಿನಂಥ ಬೆಳಕು, ಖಾಲಿ ಚೌಕುಳಿ, ಎಲ್ಲರ ಕಣ್ಣೂ ಅಲ್ಲಿಗೇ, ಹೀಗೆ ಎಲ್ಲರೆದುರು ಯಂತ್ರ ಓಡಿಸುವುದು ಸರ್ ಅವರದೇ ಉಪಾಯ, ಹೊರಗಿನವರು ಬರ್ತಿದಾರೆ, ಬರೀ ಚಿತ್ರ ತೋರಿಸಿದ್ರೆ ಏನು ಮಜಾ, ಕಣ್ಣೆದುರೇ ಎರಡು ದಿಬ್ಬ ಏಳಲಿ. ಒಂಬತ್ತು ಗಂಟೆಗೇ ಬಂದು ತೋಳು ಮಡಚಿದರು, ಎಲೆಕ್ಟ್ರೋಡ್ ಕೊಡಿಲ್ಲಿ, ಇವತ್ತು ನಾನೇ ಉಜ್ಜುತ್ತೀನಿ, ನಾಲ್ಕು ಜನರ ಮುಂದೆ ನಿನ್ನ ಎಂಟು ಬೇಡ. ನಾನು ಉಜ್ಜಿಟ್ಟಿದ್ದೆ ಸರ್. ಇರಲಿ ಕೊಡು. ಉಜ್ಜಿದರು, ಚೆನ್ನಾಗಿಯೇ ಉಜ್ಜಿದರು, ಅದನ್ನು ಇಲ್ಲ ಅನ್ನಬಾರದು, ಮೂವತ್ತು ವರ್ಷದ ಕೈ, ಮಣಿಕಟ್ಟು ಅಲ್ಲಾಡುವುದಿಲ್ಲ, ಬೆರಳಷ್ಟೇ ಸುತ್ತುತ್ತದೆ, ಒಂದು ಕಾಲದಲ್ಲಿ ಇವರೂ ಯಾರೂ ಹೇಳದ ಪ್ರಯೋಗ ಮಾಡಿರಬೇಕು, ಆ ಕೈಯನ್ನು ನೋಡಿದರೆ ಹಾಗನ್ನಿಸುತ್ತದೆ, ಯಾವಾಗ ಕಿಟಕಿ ಮುಚ್ಚಿಕೊಂಡರೋ. ಬೆಳಕಿಗೆ ಹಿಡಿದು, ನೋಡು, ನೋಡಿ ಕಲಿ, ಕನ್ನಡಿ ಇದ್ದ ಹಾಗಿದೆ. ನೋಡಿದೆ ಸರ್. ಈಗ ಈ ಕನ್ನಡಿಯೇ ಬೀಕರಿನಲ್ಲಿ ಮುಖ ಅದ್ದಿಕೊಂಡು ನಿಂತಿದೆ, ಅವರದೇ ಕೈಯಿಂದ ಉಜ್ಜಿದ್ದು, ಅದಾದ ಮೇಲೆ ನಾನು ಬೆರಳು ಸೋಕಿಸಿಲ್ಲ. ಒಂದೂಕಾಲು ನಿಮಿಷ. ಒಂದಂಕಿ, ಮೂರನ್ನು ಅಳಿಸಿ ಒಂಬತ್ತು ಒತ್ತಬೇಕು, ಅಷ್ಟೇ. ಒತ್ತದಿದ್ದರೆ ಎರಡು ದಿಬ್ಬ, ಚಪ್ಪಾಳೆ, ಸಹಿ, ನಾನು ಪಾಠ ಹೇಳುವ ಶಾಲೆಯಲ್ಲಿ ಓದಿಗೆಂದು ಪಡೆದ ರಜೆ ಇನ್ನೆರಡು ತಿಂಗಳಿಗೆ ಮುಗಿಯುತ್ತದೆ, ಬಾಗಿಲಿನ ಮೇಲೆ ಡಾಕ್ಟರ್ ಎಂದು ಬರೆಸಿಕೊಂಡು ಹೋಗಬಹುದು, ಮಕ್ಕಳಿಗೆ ಮೈಲುತುತ್ತು ತೋರಿಸಿ ನೋಡಿ ಎಷ್ಟು ನೀಲಿ ಅನ್ನಬಹುದು. ಒತ್ತಿದರೆ ಸರ್ ಸಹಿ ಮಾಡುವುದಿಲ್ಲ, ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಎಂಟಮ್ಮನಾಗಿ ಬಂದೆ ಎಂಟಮ್ಮನಾಗಿಯೇ ಹೋಗುತ್ತೇನೆ, ಆ ಎರಡು ಲೇಖನವನ್ನೂ ಹಿಂದಕ್ಕೆ ಪಡೆಯಬೇಕು, ನನ್ನ ಹೆಸರಿಗೂ ಮಸಿ, ಬಳಿಯಲಿ, ಅರ್ಧ ಮಸಿ ನಾನೇ ಅರೆದದ್ದು. ಹೆದರಿಕೆ ಇಲ್ಲವೇ? ಇದೆ, ಇದ್ದರೆ ಇರಲಿ, ಹೆದರಿಕೆ ಹೋದ ಮೇಲೆ ಒತ್ತುತ್ತೇನೆ ಅಂದರೆ ಜನ್ಮದಲ್ಲಿ ಒತ್ತುವುದಿಲ್ಲ, ಹೆದರಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಒತ್ತುತ್ತೇನೆ. ನನ್ನ ಹೊಟ್ಟೆಯೊಳಗೆ ಇಷ್ಟುದ್ದ ತಾಮ್ರವಿದೆ, ಅಂಗಿಯಿಲ್ಲ, ಅಲಂಕಾರವಿಲ್ಲ, ಮೂರು ವರ್ಷದಿಂದ ಹೇಳಿದ ಕೆಲಸ ಹೇಳಿದ ಹಾಗೆ ಮಾಡುತ್ತಿದೆ, ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ. ಅಳಿಸುವ ಗುಂಡಿ. ಮೂರು ಹೋಯಿತು. ಒಂಬ — ಒಂಬತ್ತು. ಗೋಡೆಯ ಮೇಲೂ ಅದೇ ಅಂಕಿ, ಅಂಗೈ ಅಗಲ, ಯಾರೂ ನೋಡಲಿಲ್ಲ, ಸರ್ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಾರೆ. ನೈಟ್ರೋಜನ್ ನಲ್ಲಿಯನ್ನು ತಿರುಗಿಸಿದೆ, ಗುಳ್ಳೆ ನಿಂತಿತು.

ಶುರು ಮಾಡಮ್ಮ, ಅಂದರು ಸರ್, ಮಾಡಿದೆ. ಗೆರೆ ಬಲಗಡೆಯಿಂದ ಹೊರಟಿತು, ಕೆಂಪು ಗೆರೆ, ಇರುವೆಯ ನಡಿಗೆ, ಸರ್ ಕೋಲು ಹಿಡಿದು ಗೋಡೆಯ ಪಕ್ಕ ನಿಂತು, ಈಗ ನೋಡಿ ಮೇಡಂ, ಇಲ್ಲಿ ಮೊದಲನೇ ದಿಬ್ಬ, ಎದ್ದಿತು, ಮೆತ್ತಗೆ, ಆಹಾ ಅಂದರು ನಾಲ್ವರಲ್ಲಿ ಒಬ್ಬರು, ಇನ್ನು ಇಲ್ಲಿಂದ ತಿರುಗತ್ತೆ, ಕೋಲಿನ ತುದಿ ಮೈನಸ್ ಪಾಯಿಂಟ್ ಮೂರರ ಮೇಲೆ ಕಾದು ನಿಂತಿತು, ಗೆರೆ ಬಂತು, ಕೋಲನ್ನು ದಾಟಿತು, ಹೋಯಿತು. ಸರ್ ಕೋಲನ್ನು ಸ್ವಲ್ಪ ಎಡಕ್ಕೆ ಸರಿಸಿದರು, ಗೆರೆ ಅದನ್ನೂ ದಾಟಿತು. ಸಾಕಮ್ಮ, ನಿಲ್ಲಿಸು. ನನ್ನ ಕೈ ತೊಡೆಯ ಮೇಲಿದೆ, ಎರಡೂ ಕೈ, ಒಂದನ್ನೊಂದು ಹಿಡಿದುಕೊಂಡು. ನಿಲ್ಲಿಸು ಅಂದೆ. ಇಲ್ಲ ಸರ್, ನನ್ನ ದನಿಯೇ ಅದು, ಗಟ್ಟಿಯಾಗಿಯೇ ಬಂತು, ಪೂರ್ತಿ ಹೋಗಿ ಬರಲಿ. ಗೆರೆ ಕೆಳಕ್ಕೆ ಬಿತ್ತು, ಆರು, ಏಳು, ಅಲ್ಲಿ ಕೆಳಗೆ ತಾಮ್ರ ಒಂದೊಂದೇ ಅಂಗಿ ಕಳಚಿ ಬಿಲ್ಲೆಯ ಮೇಲೆ ಕೂರುತ್ತಿದೆ, ಎಂಟು, ಒಂಬತ್ತು, ತಿರುಗಿತು. ಪರೀಕ್ಷಕಿ ಕನ್ನಡಕ ಒರೆಸಿ ಹಾಕಿಕೊಂಡರು. ಐದು, ಮೂರು, ಒಂದು, ಸೊನ್ನೆಯ ಹತ್ತಿರ ಬರುತ್ತಿದ್ದ ಹಾಗೆ ನೆಟ್ಟಗೆ — ಎದ್ದಿತು, ಚೌಕುಳಿಯ ಅರ್ಧಕ್ಕೆ ಎದ್ದು ಕಡಿದ ಹಾಗೆ ಬಿತ್ತು, ಮೊನೆ. ಗೆರೆ ಎರಡನೇ ಸುತ್ತಿಗೆ ಹೊರಟಿತು. ಅದೇನಿಲ್ಲ ಮೇಡಂ, ಸರ್ ನಗುತ್ತಲೇ ಹೇಳಿದರು, ಪಾಪ, ಹುಡುಗಿ ಕೈ ಇನ್ನೂ ಕೂತಿಲ್ಲ, ಎಲೆಕ್ಟ್ರೋಡ್ ಸರಿಯಾಗಿ ಉಜ್ಜಿಲ್ಲ ಅಂದ್ರೆ ಹೀಗಾಗತ್ತೆ, ಗೀರಲ್ಲಿ ಕಸ ಕೂತಿರತ್ತೆ. ಮತ್ತೆ ಎಡಕ್ಕೆ, ಮತ್ತೆ ಒಂಬತ್ತು, ಮತ್ತೆ ಬಲಕ್ಕೆ, ಮೊನೆ, ಈ ಸಲ ಇನ್ನೂ ಎತ್ತರ. ಪರೀಕ್ಷಕಿ ಕೊನೆಯ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು. ಹೌದಾ, ಇದನ್ನ ಉಜ್ಜಿದ್ದು ಯಾರು? ಕೇಳಿದ್ದು ನನ್ನನ್ನು, ನೋಡುತ್ತಿರುವುದು ನನ್ನನ್ನು. ಸರ್, ಅಂದೆ. ಕರೆದದ್ದಲ್ಲ, ಉತ್ತರ ಕೊಟ್ಟದ್ದು. ಕರೆದಳೆಂದುಕೊಂಡು ಸರ್ ಏನಮ್ಮಾ ಎಂದು ತಿರುಗಿದರು, ತಿರುಗಿದ ಮೇಲೆ ಅರ್ಥವಾಯಿತು, ಕೋಲು ಹಿಡಿದ ಕೈ ಇಳಿಯಿತು, ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಅವರೂ ಅದನ್ನು ನೋಡಿಕೊಂಡರು, ಯಂತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿಲ್ಲ, ಎಡಕ್ಕೆ, ಒಂಬತ್ತು, ಬಲಕ್ಕೆ, ಬರುತ್ತಿದೆ, ನಾನು ಉಸಿರು ಬಿಡಬೇಕು, ಆಮೇಲೆ ಬಿಡುತ್ತೇನೆ, ಮೂರು, ಒಂದು, ಸೊನ್ನೆ, ಮೊನೆ, ಗೋಡೆಯ ತುಂಬ ಕೆಂಪು ಮೊನೆ, ಎಡಕ್ಕೆ, ಬಲಕ್ಕೆ, ಮೊನೆ, ಮತ್ತೆ ಮೊನೆ, ಮೊನೆ —